ಅಮ್ಮ ಮೆಟ್ಟಿಲು ಹತ್ತುವ ಸದ್ದು

ಆಗಷ್ಟೇ ಬೆಳಕು ಹರಿಯುತ್ತಿದೆ. ವಿಶ್ವವಿದ್ಯಾಲಯದ ಕಟ್ಟಡ ಇನ್ನೂ ಎದ್ದಿಲ್ಲ. ಲಿಫ್ಟ್ ಓಡುತ್ತಿಲ್ಲ, ಏಸಿಗಳು ಗುಂಯ್‌ಗುಡುತ್ತಿಲ್ಲ, ಕಾರಿಡಾರಿನಲ್ಲಿ ಯಾರೂ ಫೋನ್ ಹಿಡಿದು ಜಗಳವಾಡುತ್ತಿಲ್ಲ. ಹಿಂಬದಿಯ ಮೆಟ್ಟಿಲ ಬುಡದಲ್ಲಿ ಒಬ್ಬ ಹುಡುಗಿ ಕುಕ್ಕರುಗಾಲಿನಲ್ಲಿ ಕೂತು ಎರಡು ಬಟ್ಟೆ ಚೀಲಗಳಿಗೆ ಆಲೂಗಡ್ಡೆ ತುಂಬಿಸುತ್ತಿದ್ದಾಳೆ. ಒಂದಕ್ಕೆ ಕೊಂಚ ಜಾಸ್ತಿ, ಇನ್ನೊಂದಕ್ಕೆ ಕೊಂಚ ಕಡಿಮೆ. ಎತ್ತಿ ನೋಡುತ್ತಾಳೆ, ಸಮಾಧಾನವಾಗದೆ ಇನ್ನೆರಡು ಗಡ್ಡೆ ಹಾಕುತ್ತಾಳೆ. ಕಾಲಲ್ಲಿ ಹಿಮ್ಮಡಿ ಸವೆದ ರಬ್ಬರ್ ಚಪ್ಪಲಿ, ಅವಳ ಅಳತೆಗಿಂತ ದೊಡ್ಡದು. ಮೇಲಿನ ಮಹಡಿಯಲ್ಲಿ ಮುಚ್ಚಿದ ಬಾಗಿಲೊಂದರ ಒಳಗೆ ಮೈಕು ನಿಲ್ಲಿಸಿ ಬಂದಿದ್ದಾಳೆ. ಕೇಳುವ ಮೈಕು ಒಳಗೆ, ಹತ್ತಿ ಬರುವ ಇವಳು ಹೊರಗೆ.

ಚೀಲಗಳನ್ನು ಹಿಡಿದು ಹತ್ತಲು ಶುರುಮಾಡುತ್ತಾಳೆ. ಅರ್ಧದಲ್ಲಿ, ಮೆಟ್ಟಿಲು ತಿರುಗುವ ಕಡೆ ನಿಲ್ಲುತ್ತಾಳೆ. ಚೀಲಗಳನ್ನು ಕೆಳಗಿಟ್ಟು ಒಂದು ಉದ್ದದ ಉಸಿರು ಬಿಡುತ್ತಾಳೆ. ಭಾರದ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡು ಮತ್ತೆ ಹತ್ತುತ್ತಾಳೆ. ಮೇಲೆ ಹೋದವಳೇ ಹೆಡ್‌ಫೋನ್ ಹಾಕಿಕೊಂಡು ಕೇಳಿ, ಕಹಿ ಮಾತ್ರೆ ನುಂಗಿದವರಂತೆ ಮುಖ ಮಾಡುತ್ತಾಳೆ.

"ತುಂಬಾ ಆರೋಗ್ಯವಾಗಿ ಹತ್ತಿದೀನಿ," ಎನ್ನುತ್ತಾಳೆ. "ಇಷ್ಟು ಚುರುಕಾಗಿ ಬಂದ್ರೆ ಅದು ಅಮ್ಮ ಆಗಲ್ಲ. ಇನ್ನೊಂದ್ಸಲ." ಮತ್ತೆ ದಡದಡ ಇಳಿದು ಹೋಗುತ್ತಾಳೆ.

ವಿಡಿಯೊ ಗೇಮ್‌ಗಳಿಗೆ ಸದ್ದು ಕೂಡಿಸುವ ವಿದ್ಯೆಯ ಕೊನೆಯ ವರ್ಷದ ವಿದ್ಯಾರ್ಥಿನಿ ಈಕೆ. ಹೀಗೂ ಒಂದು ಓದು ಇದೆಯೇ ಎಂದು ಹುಬ್ಬೇರಿಸುವವರಲ್ಲಿ ಮೊದಲಿಗರು ಈಕೆಯ ತಾಯಿಯೇ. "ಆಟ ಆಡೋದಕ್ಕೂ ಡಿಗ್ರಿ ಕೊಡ್ತಾರೇನೇ?" ಎಂದು ಕೇಳಿದ್ದರಂತೆ. "ಆಡೋದಕ್ಕಲ್ಲಮ್ಮ, ಸದ್ದು ಮಾಡೋದಕ್ಕೆ" ಎಂದು ಮಗಳು ತಿದ್ದಿದಾಗ, "ಅದನ್ನ ನೀನು ಹುಟ್ಟಿದಾಗಿಂದ ಮಾಡ್ತಾನೇ ಇದ್ದೀಯಲ್ಲ" ಎಂದು ಕಾಲೇಜಿಗೆ ಸೇರಿಸುವ ಅರ್ಜಿಗೆ ಸಹಿ ಹಾಕಿಕೊಟ್ಟರು. ಮನೆಯಲ್ಲಿ ಇರುವುದು ಇಬ್ಬರೇ. ತಾಯಿಗೆ ಹಾಸ್ಟೆಲೊಂದರ ಅಡುಗೆಮನೆಯಲ್ಲಿ ಕೆಲಸ. ಮನೆ ನಾಲ್ಕನೇ ಮಹಡಿಯಲ್ಲಿ. ಲಿಫ್ಟ್ ಇದೆ, ಕೆಟ್ಟಿದೆ, ರಿಪೇರಿಯವರು ಬರುವವರಿದ್ದಾರೆ. ಅವರು ಬರುವವರಿದ್ದಾರೆ ಎಂಬ ಮಾತು ಕೇಳುತ್ತಲೇ ಈ ಹುಡುಗಿ ಬೆಳೆದು ದೊಡ್ಡವಳಾಗಿದ್ದಾಳೆ.

ಕಾಲೇಜಿನಲ್ಲಿ ಈಕೆಯನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಎಲ್ಲರ ಬಾಯಲ್ಲೂ 'ಚಪ್ಪಲಿ ಅಂಗಡಿ'. ಹೆಗಲಿಗೆ ಸದಾ ಒಂದು ಗೋಣಿಯಷ್ಟು ದೊಡ್ಡ ಚೀಲ, ಒಳಗೆ ಬೂಟು, ಸ್ಯಾಂಡಲ್, ಎತ್ತರದ ಹಿಮ್ಮಡಿಯವು, ಮಕ್ಕಳವು. ಮುಕ್ಕಾಲು ಪಾಲು ಒಂಟಿ. ಶನಿವಾರ ಭಾನುವಾರ ಈಕೆ ನಿಜವಾದ ಚಪ್ಪಲಿ ಅಂಗಡಿಯೊಂದರಲ್ಲಿ ಗಿರಾಕಿಗಳ ಕಾಲ ಬಳಿ ಕೂತು ಕೆಲಸ ಮಾಡುತ್ತಾಳೆ. ಅಲ್ಲಿ ಜೋಡಿ ಕಳೆದುಕೊಂಡವೆಲ್ಲ ಈಕೆಯ ಪಾಲಿಗೆ. ಅವನ್ನು ಕೈಗೆ ತೊಟ್ಟುಕೊಂಡು, ಟೈಲ್ಸಿನ ಮೇಲೆ, ಮರದ ಹಲಗೆಯ ಮೇಲೆ, ಟ್ರೇಯಲ್ಲಿ ಹರಡಿದ ಜಲ್ಲಿಯ ಮೇಲೆ ನಡೆಸುತ್ತಾಳೆ. ಸಹಪಾಠಿಗಳು ಮಾಡಿದ ಆಟಗಳಲ್ಲಿ ಸೈನಿಕ ನಡೆದರೂ ಇವಳೇ, ರಾಜಕುಮಾರಿ ನಡೆದರೂ ಇವಳೇ, ಕತ್ತಲಲ್ಲಿ ಕಳ್ಳ ನಡೆದರೂ ಇವಳೇ. ಆಡುವವರು ಚಿತ್ರವನ್ನು ಹೊಗಳುತ್ತಾರೆ, ಕತೆಯನ್ನು ಹೊಗಳುತ್ತಾರೆ. ಹೆಜ್ಜೆ ಚೆನ್ನಾಗಿತ್ತು ಎಂದವರನ್ನು ಈಕೆ ಇನ್ನೂ ಕಂಡಿಲ್ಲ.

"ಕಾಣೋದೂ ಬೇಡ," ಎಂದು ನಗುತ್ತಾಳೆ. "ಹೆಜ್ಜೆ ಸದ್ದು ಗಮನಕ್ಕೆ ಬಂತು ಅಂದ್ರೆ ನಾನು ಎಲ್ಲೋ ಎಡವಟ್ಟು ಮಾಡಿದೀನಿ ಅಂತ ಅರ್ಥ."

ಅದು ಸುಮ್ಮನೆ ಆಡುವ ಮಾತಲ್ಲ. ಸಿನಿಮಾದಲ್ಲಿ ಹೆಜ್ಜೆ ಹಾಕುವವರು ಎಷ್ಟು ದೂರ ನಡೆಯುತ್ತಾರೆಂದು ಮೊದಲೇ ಗೊತ್ತಿರುತ್ತದೆ. ಆಟದಲ್ಲಿ ಆಡುವವರದ್ದೇ ಇಷ್ಟ. ಬೇಕೆನಿಸಿದರೆ ಇಡೀ ಸಂಜೆ ಒಂದೇ ಕೋಣೆಯಲ್ಲಿ ಸುತ್ತಬಹುದು. ಒಂದೇ ಹೆಜ್ಜೆಯ ಸದ್ದನ್ನು ಮತ್ತೆ ಮತ್ತೆ ಕೇಳಿಸಿದರೆ ಮೊಳೆ ಹೊಡೆದ ಹಾಗಿರುತ್ತದೆ. ಹಾಗಾಗಿ ಒಂದೊಂದು ನೆಲಕ್ಕೂ ಬೇರೆ ಬೇರೆ ಹೆಜ್ಜೆಗಳನ್ನು ಹಿಡಿದಿಟ್ಟು, ಅವು ಅದಲು ಬದಲಾಗಿ ಬರುವಂತೆ ಕೂಡಿಸಬೇಕು. ಆಡುವವರು ಏನೂ ಮಾಡದೆ ನಿಂತಾಗ ಕೇಳಿಸಲಿಕ್ಕೆ ಖಾಲಿ ಕೋಣೆಯ ಮೌನವನ್ನೂ ರೆಕಾರ್ಡ್ ಮಾಡಬೇಕು. ಯಾವ ಮೌನವೂ ಪೂರ್ತಿ ಮೌನವಲ್ಲ ಎನ್ನುವುದು ಈ ಓದಿನ ಮೊದಲ ಪಾಠ.

ಈ ವರ್ಷದ ಅಂಕವೆಲ್ಲ ನಿಂತಿರುವುದು ಒಂದು ಆಟದ ಮೇಲೆ. ಮೂವರ ತಂಡ. ಕೋಡ್ ಬರೆಯುವವನು ಎಲ್ಲರ ಮೇಲೂ ಹುಕುಂ ಚಲಾಯಿಸುವುದರಿಂದ ಅವನಿಗೆ 'ಕ್ಯಾಪ್ಟನ್' ಎಂದು ಹೆಸರು. ಚಿತ್ರಗಳು ಒಬ್ಬ ಗೆಳತಿಯವು. ಸದ್ದು ಚಪ್ಪಲಿ ಅಂಗಡಿಯದು. ಮನೆಯಲ್ಲಿ ಒಂಟಿಯಾಗಿರುವ ಒಂದು ಮಗುವಿನ ಕತೆ ಅದು. ಆಡುವವರೇ ಆ ಮಗು. ಕೊನೆಯ ದೃಶ್ಯದಲ್ಲಿ ಕರೆಂಟು ಹೋಗುತ್ತದೆ, ಪರದೆ ಪೂರ್ತಿ ಕಪ್ಪಾಗುತ್ತದೆ. ಹೊರಗೆ ಯಾರೋ ಮೆಟ್ಟಿಲು ಹತ್ತಿ ಬರುವ ಸದ್ದು. ಬರುತ್ತಿರುವುದು ಅಮ್ಮ. ಕೂತಲ್ಲೇ ಕಾಯ್ದರೆ ಕೀಲಿ ತಿರುಗುತ್ತದೆ, ಬಾಗಿಲು ತೆರೆಯುತ್ತದೆ, ಬೆಳಕು ಬರುತ್ತದೆ, ಆಟ ಮುಗಿಯುತ್ತದೆ. ಆ ದೃಶ್ಯದಲ್ಲಿ ಚಿತ್ರವೇ ಇಲ್ಲ. ಇರುವುದೆಲ್ಲ ಈ ಹುಡುಗಿಯ ಕೈಕೆಲಸ.

ಆದರೆ ಕಾಲೇಜಿನವರಿಗೆ ಆಡಿಸಿ ನೋಡಿದಾಗ ಯಾರೂ ಕಾಯಲಿಲ್ಲ. ಹೆಜ್ಜೆ ಸದ್ದು ಕೇಳಿದ್ದೇ ತಡ, ಆಡಿದವರೆಲ್ಲ ಎದ್ದೆವೋ ಬಿದ್ದೆವೋ ಎಂದು ಓಡಿ ಬೀರುವಿನೊಳಗೆ ಅಡಗಿದರು. ವಿಡಿಯೊ ಗೇಮ್ ಆಡಿ ಬೆಳೆದವರಿಗೆ ಬಾಗಿಲಾಚೆಯ ಹೆಜ್ಜೆ ಎಂದರೆ ಶತ್ರು. ನಿಧಾನವಾಗಿ ಬಂದರೆ ದೆವ್ವ, ಬೇಗ ಬಂದರೆ ಕೊಲೆಗಾರ. ಆಟದ ಅಮ್ಮನಿಗೆ ಮೆತ್ತಗಿನ ಚಪ್ಪಲಿ ಹಾಕಿಸಿದಳು, ಕಳ್ಳ ಎಂದರು. ಕೀಲಿ ಗೊಂಚಲು ಅಲ್ಲಾಡಿಸಿದಳು, ಜೈಲಿನವನು ಎಂದರು. ಕೊನೆಗೆ ಅಮ್ಮ ಹಾಡು ಗುನುಗುತ್ತಾ ಬರುವಂತೆ ಮಾಡಿದಳು. ಅದನ್ನು ಕೇಳಿದ ವಿದ್ಯಾರ್ಥಿಯೊಬ್ಬ ಹೆಡ್‌ಫೋನ್ ಕಿತ್ತೆಸೆದು ಕೋಣೆಯಿಂದಲೇ ಹೊರಗೆ ಹೋದ.

ಕ್ಯಾಪ್ಟನ್‌ಗೆ ಹೊಟ್ಟೆ ಹುಣ್ಣಾಗುವಷ್ಟು ನಗು. "ನಿನ್ನ ಅಮ್ಮ ಬಂದ್ರೆ ಊರೇ ಬೀರು ಸೇರ್ಕೊಳ್ಳುತ್ತಲ್ಲೇ!"

"ಬೀರುನೇ ತೆಗೆದುಬಿಡು ಹಾಗಾದ್ರೆ."

"ತೆಗೆದ್ರೆ ಮಂಚದ ಕೆಳಗೆ ಹೋಗ್ತಾರೆ. ಒಂದು ವಾರ ನೋಡೋಣ. ಆಗ್ಲಿಲ್ಲ ಅಂದ್ರೆ ಪರದೆ ಮೇಲೆ 'ಅಮ್ಮ ಬಂದಳು' ಅಂತ ಬರೆದು ಹಾಕೋಣ. ಬೇರೆ ದಾರಿ ಇಲ್ಲ."

ಆ ಮಾತು ಅವಳನ್ನು ಚುಚ್ಚಿತು. ಬರೆದೇ ಹೇಳುವುದಾದರೆ ಸದ್ದು ಯಾಕೆ, ಮೂರು ವರ್ಷ ಕಲಿತದ್ದು ಯಾಕೆ? ಇಡೀ ಓದಿನಲ್ಲಿ ತನ್ನದೆಂದು ಹೇಳಿಕೊಳ್ಳಬಹುದಾದ ದೃಶ್ಯ ಇದೊಂದೇ. ಅದೂ ಕೈಬಿಟ್ಟು ಹೋಗುವುದರಲ್ಲಿತ್ತು.

ಮನೆಗೆ ರೆಕಾರ್ಡರ್ ಒಯ್ದು, "ಅಮ್ಮ, ನೀನೇ ಒಂದ್ಸಲ ಮೆಟ್ಟಿಲು ಹತ್ತು, ನಾನು ಹಿಡ್ಕೋತೀನಿ" ಎಂದಳು. ತಾಯಿ ತಲೆ ಬಾಚಿಕೊಂಡು, ಹೊಸ ಚಪ್ಪಲಿ ಹಾಕಿಕೊಂಡು, ಫೋಟೊ ತೆಗೆಸಿಕೊಳ್ಳುವವರ ಗತ್ತಿನಲ್ಲಿ ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಎಲ್ಲೂ ನಿಲ್ಲಲಿಲ್ಲ, ಉಸಿರನ್ನೂ ಬಿಡಲಿಲ್ಲ. "ಚೆನ್ನಾಗಿ ಬಂತಾ?" ಎಂದು ಕೇಳಿದಾಗ ಮಗಳು ಚೆನ್ನಾಗಿ ಬಂತೆಂದೇ ಹೇಳಿದಳು. ಬಂದದ್ದು ಯಾರೋ ಅತಿಥಿ, ಅಮ್ಮ ಅಲ್ಲ.

ಮರುದಿನ ಸಂಜೆ ಹೆಜ್ಜೆಯ ಗೊಡವೆಯೇ ಬೇಡವೆಂದು ಬೇರೆ ಕೆಲಸಕ್ಕೆ ಕೈಹಾಕಿದಳು. ಆಟಕ್ಕೆ ಖಾಲಿ ಮನೆಯ ಮೌನ ಬೇಕಿತ್ತು. ಫ್ರಿಜ್ ಆರಿಸಿ, ಕಿಟಕಿ ಮುಚ್ಚಿ, ಗಡಿಯಾರದ ಸೆಲ್ ತೆಗೆದು, ರೆಕಾರ್ಡರ್ ಹಚ್ಚಿ ತಾನೂ ಉಸಿರು ಬಿಗಿಹಿಡಿದು ಮೂಲೆಯಲ್ಲಿ ಕೂತಳು. ಮೌನ ಚೆನ್ನಾಗಿ ಬರುತ್ತಿತ್ತು. ಅಷ್ಟರಲ್ಲಿ ಅಮ್ಮ ಕೆಲಸ ಮುಗಿಸಿ ಬಂದರು. ಮೆಟ್ಟಿಲು, ಕೀಲಿ, ಬಾಗಿಲು, "ಯಾಕೆ ಫ್ರಿಜ್ ಆರಿಸಿದೀಯೇ, ಹಾಲು ಒಡೆದುಹೋಗುತ್ತೆ!" ಎಂಬ ಗದರಿಕೆ, ಎಲ್ಲ ರೆಕಾರ್ಡಿನಲ್ಲಿ ಸೇರಿಹೋಯಿತು. ಮಗಳಿಗೆ ಅಳುವಷ್ಟು ಸಿಟ್ಟು. "ಅಮ್ಮ, ನನ್ನ ಮೌನಾನೆಲ್ಲ ಹಾಳುಮಾಡಿದೆ ನೀನು!" ಎಂದು ಕೂಗಿದಳಂತೆ. ಅಮ್ಮ ಫ್ರಿಜ್ಜಿನಿಂದ ಹಾಲಿನ ಪಾತ್ರೆ ತೆಗೆಯುತ್ತಾ, ಈ ಓದು ಯಾಕೋ ಮಗಳ ತಲೆ ಕೆಡಿಸುತ್ತಿದೆ ಎಂದರು.

ಮಾರನೆಯ ದಿನ ಲ್ಯಾಬಿನಲ್ಲಿ ಕೂತು, ಹಾಳಾದ ಭಾಗವನ್ನು ಕತ್ತರಿಸಿ ಎಸೆಯಲು ಹೊರಟಳು. ಅಳಿಸುವ ಗುಂಡಿಯ ಮೇಲೆ ಬೆರಳು ಇತ್ತು. ಎಲ್ಲಿಂದ ಕತ್ತರಿಸಬೇಕೆಂದು ತಿಳಿಯಲು ಮಾತ್ರ ಒಮ್ಮೆ ಕೇಳಿದಳು.

ಹೆಜ್ಜೆಗಳು ಬರುತ್ತಿದ್ದವು. ಅರ್ಧದಲ್ಲಿ ನಿಂತವು. ಎರಡು ಚೀಲ ನೆಲಕ್ಕೆ ಕೂತ ಸದ್ದು. ಒಂದು ಉಸಿರು. ಕೈ ಬದಲಿಸಿ ಎತ್ತಿಕೊಂಡ ಸದ್ದು. ಮತ್ತೆ ಹೆಜ್ಜೆ.

"ನನ್ನ ಹೊಟ್ಟೆಯೊಳಗೆ ಏನೋ ಸಡಿಲ ಆದಂಗಾಯ್ತು," ಎನ್ನುತ್ತಾಳೆ. "ಚಿಕ್ಕವಳಿದ್ದಾಗ ದಿನಾ ಸಾಯಂಕಾಲ ಹಿಂಗೇ ಆಗ್ತಿತ್ತು. ಯಾಕೆ ಅಂತ ಆಗ ಗೊತ್ತಿರ್ಲಿಲ್ಲ. ಭಯ ಪಡಿಸೋರು ಯಾರೂ ಮಧ್ಯದಲ್ಲಿ ನಿಂತು ಸುಧಾರಿಸ್ಕೊಳ್ಳಲ್ಲ. ದೆವ್ವಕ್ಕೆ ಸುಸ್ತಾಗಲ್ಲ. ಸುಸ್ತಾಗಿದ್ರೂ ಹತ್ತಿ ಬರೋದು ಅಮ್ಮ ಒಬ್ಳೇ."

ಆ ರೆಕಾರ್ಡನ್ನೇ ಆಟಕ್ಕೆ ಹಾಕುವಂತಿರಲಿಲ್ಲ. ಅದರೊಳಗೆ ಅಷ್ಟು ಹೊತ್ತಿಗೆ ಶುರುವಾದ ಕೆಳಮನೆಯ ಟಿವಿ ಇತ್ತು, ಬೀದಿಯ ಹಾರನ್ ಇತ್ತು. ಅದಕ್ಕೇ ಈ ಬೆಳಗ್ಗೆ ಖಾಲಿ ಕಟ್ಟಡ, ಆಲೂಗಡ್ಡೆಯ ಚೀಲ, ಅಮ್ಮನ ಹಳೆಯ ಚಪ್ಪಲಿ. ಹತ್ತಿ ಇಳಿದು, ಹತ್ತಿ ಇಳಿದು, ಕೊನೆಕೊನೆಗೆ ನಟಿಸುವ ಅಗತ್ಯವೇ ಇಲ್ಲದಂತೆ ಅವಳ ಕಾಲುಗಳು ನಡುಗುತ್ತವೆ. ಅಂಗಿ ಬೆನ್ನಿಗೆ ಅಂಟಿದೆ. ತಿರುವಿನಲ್ಲಿ ನಿಂತಾಗ ಹೊರಬಂದ ಉಸಿರು ಈ ಸಲ ಅವಳ ಕೈಮೀರಿ ಬಂದದ್ದು. ಕೇಳಿಸಿಕೊಂಡವಳೇ ಮೆಟ್ಟಿಲ ಮೇಲೆ ಕೂತುಬಿಡುತ್ತಾಳೆ. ಸಿಕ್ಕಿತೆಂದು ಅವಳ ಮುಖವೇ ಹೇಳುತ್ತದೆ.

ಮಧ್ಯಾಹ್ನ ಆಟವನ್ನು ಆಡಿಸಿ ನೋಡುವ ಪರೀಕ್ಷೆ. ಹಿಂದೆಂದೂ ಈ ಆಟ ನೋಡಿರದ ಹೊಸ ವಿದ್ಯಾರ್ಥಿಗಳನ್ನು ಕ್ಯಾಪ್ಟನ್ ಹಿಡಿದು ತಂದಿದ್ದಾನೆ. ಮೊದಲು ಕೂತವಳು ಒಬ್ಬ ಕನ್ನಡಕದ ಹುಡುಗಿ. ಪರದೆ ಕಪ್ಪಾಗುತ್ತದೆ, ಹೆಜ್ಜೆ ಶುರುವಾಗುತ್ತದೆ, ಅವಳ ಬೆರಳು ನೇರ ಓಡುವ ಗುಂಡಿಗೆ ಹೋಗುತ್ತದೆ. ಹಿಂದೆ ನಿಂತ ಚಪ್ಪಲಿ ಅಂಗಡಿ ಆ ಬೆರಳನ್ನೇ ನೋಡುತ್ತಿದ್ದಾಳೆ. ಚೀಲ ಕೆಳಗಿಟ್ಟ ಸದ್ದು. ಉಸಿರು. ಬೆರಳು ಗುಂಡಿಯ ಮೇಲೆ ತೇಲುತ್ತಲೇ ಇದ್ದು, ಮೆಲ್ಲಗೆ ಕೆಳಗಿಳಿದು ತೊಡೆಯ ಮೇಲೆ ಮಲಗುತ್ತದೆ. "ಅಮ್ಮ ಅಲ್ವಾ?" ಎಂದು ಆ ಹುಡುಗಿ ಯಾರನ್ನೂ ಉದ್ದೇಶಿಸದೆ ಕೇಳುತ್ತಾಳೆ.

ಆಮೇಲೆ ಬಂದವರೂ ಕೂತಲ್ಲೇ ಕೂರುತ್ತಾರೆ. ಒಬ್ಬ ಮಾತ್ರ ಬೀರುವಿಗೆ ಓಡುತ್ತಾನೆ. ಯಾಕಪ್ಪಾ ಎಂದರೆ, "ಅಮ್ಮ ಅಂತ ಗೊತ್ತಾಯ್ತು, ಅದಕ್ಕೇ ಓಡಿದೆ. ನಿಮಗೆ ನಮ್ಮಮ್ಮ ಗೊತ್ತಿಲ್ಲ" ಎನ್ನುತ್ತಾನೆ. ಕ್ಯಾಪ್ಟನ್ ಬರೆದಿಟ್ಟಿದ್ದ 'ಅಮ್ಮ ಬಂದಳು' ಎಂಬ ಸಾಲನ್ನು ಎಲ್ಲರೆದುರು ಅಳಿಸುತ್ತಾನೆ. ಪಾಠ ಮಾಡುವ ಮೇಡಂ ಹೊಗಳಿಕೆಯಲ್ಲಿ ಬಲು ಬಿಗಿ. ಅವರು ಹೆಡ್‌ಫೋನ್ ತೆಗೆದಿಟ್ಟು, "ಈ ನಿಲ್ಲೋದು ಇದೆಯಲ್ಲ, ಇದನ್ನ ಮುಟ್ಟಬೇಡಿ" ಎಂದಷ್ಟೇ ಹೇಳಿ ಹೋಗುತ್ತಾರೆ. ಚಪ್ಪಲಿ ಅಂಗಡಿ ಶೌಚಾಲಯಕ್ಕೆ ಹೋಗಿ ಮುಖ ತೊಳೆದುಕೊಂಡು ಬರುತ್ತಾಳೆ. ಕಣ್ಣು ಕೆಂಪಾಗಿರುವುದು ಯಾಕೆಂದು ಯಾರೂ ಕೇಳುವುದಿಲ್ಲ.

ವರ್ಷದ ಕೊನೆಯ ಪ್ರದರ್ಶನಕ್ಕೆ ತಾಯಿಯೂ ಬಂದಿದ್ದಾರೆ, ಹಾಸ್ಟೆಲಿನಿಂದ ಅರ್ಧ ದಿನ ರಜೆ ಹಾಕಿ. ಕುರ್ಚಿಯ ತುದಿಯಲ್ಲಿ ಕೂತಿದ್ದಾರೆ. ಹೆಡ್‌ಫೋನ್ ಅವರ ತಲೆಗೆ ದೊಡ್ಡದು. ಇದರ ಹಿಂದಿನ ಕತೆಯನ್ನು ಮಗಳು ಅವರಿಗೆ ಹೇಳಿಲ್ಲ. ತಾನಾಗಿ ಗುರುತು ಹಿಡಿಯುತ್ತಾರೋ ನೋಡೋಣ ಎಂಬ ಆಸೆ.

ಪರದೆ ಕಪ್ಪಾಗುತ್ತದೆ. ಹೆಜ್ಜೆಗಳು ಹತ್ತುತ್ತವೆ, ತಿರುವಿನಲ್ಲಿ ನಿಲ್ಲುತ್ತವೆ.

"ಅಯ್ಯೋ ಪಾಪ," ಎನ್ನುತ್ತಾರೆ ತಾಯಿ, ಹೆಡ್‌ಫೋನಿನ ದೆಸೆಯಿಂದ ಇಡೀ ಕೋಣೆಗೆ ಕೇಳುವಷ್ಟು ಜೋರಾಗಿ. "ಯಾರೋ ಭಾರ ಹೊತ್ಕೊಂಡು ಬರ್ತಿದ್ದಾರೆ." ಅವರ ಕೈ ಕೀಬೋರ್ಡಿನ ಮೇಲೆಲ್ಲ ತಡಕಾಡುತ್ತದೆ. "ಬಾಗಿಲು ತೆಗೆಯೋಕೆ ಯಾವುದನ್ನ ಒತ್ಬೇಕೇ?"

ಮಗಳು ಬಗ್ಗಿ, ಹೆಡ್‌ಫೋನಿನ ಒಂದು ಕಿವಿ ಸರಿಸುತ್ತಾಳೆ. "ತೆಗೀಬೇಕಾಗಿಲ್ಲಮ್ಮ. ಸುಮ್ನೆ ಕಾಯಿ. ಅವಳ ಹತ್ರ ಕೀ ಇದೆ."

"ಕೀ ಇದ್ರೇನು? ಎರಡು ಕೈಲೂ ಚೀಲ ಇದೆಯಲ್ಲೇ!"

ಬಾಗಿಲು ತೆಗೆಯುವ ಗುಂಡಿ ಆ ಆಟದಲ್ಲಿಲ್ಲ. ಅಂಥದೊಂದು ಬೇಕೆಂದು ಮೂವರಲ್ಲಿ ಯಾರಿಗೂ ಹೊಳೆದಿಲ್ಲ, ಆಡಿದವರಾರೂ ಕೇಳಿಲ್ಲ. "ಅಮ್ಮ, ಅದು ನೀನೇ," ಎಂದು ಕಡೆಗೆ ಹೇಳುತ್ತಾಳೆ.

ತಾಯಿ ನಂಬುವುದಿಲ್ಲ. ಮೊದಲಿಂದ ಹಾಕಿಸಿಕೊಂಡು ಇನ್ನೊಮ್ಮೆ ಕೇಳುತ್ತಾರೆ. "ನಾನಾ? ಇಷ್ಟೊಂದು ಸುಸ್ತಾಗಿರ್ತೀನಾ?" ಎಂದು ನಗುತ್ತಾರೆ. ಮಗಳ ಮುಖ ನೋಡಿದವರೇ ನಗು ನಿಲ್ಲಿಸಿ, ಅವಳ ಕೆನ್ನೆಗೆ ಕೈಯಿಟ್ಟು, "ಯಾರು ಬಂದ್ರೂ ಬಾಗಿಲು ತೆಗೀಬೇಡ ಅಂತ ನಾನೇ ತಾನೆ ಹೇಳಿ ಹೋಗ್ತಿದ್ದಿದ್ದು? ನೀನು ಸರಿಯಾಗೇ ಕೂತಿದ್ದೆ ಬಿಡು" ಎನ್ನುತ್ತಾರೆ.

ಅಂಕ ಬಂದಿದೆ, ಒಳ್ಳೆಯ ಅಂಕ. ಇನ್ನು ಮುಂದೇನು ಎಂದು ಕೇಳಿದರೆ ಹುಡುಗಿ ಕೆಲಸದ ಮಾತು ಎತ್ತುವುದಿಲ್ಲ. "ಆಟಕ್ಕೆ ಒಂದು ಬಟನ್ ಸೇರಿಸ್ಬೇಕು. ಎಲ್ಲ ಮುಗೀತಲ್ಲ, ಇನ್ಯಾಕೆ ಅಂತ ಕ್ಯಾಪ್ಟನ್ ಗೊಣಗ್ತಾನೆ. ಗೊಣಗ್ಲಿ. ಚೀಲ ಕೆಳಗಿಟ್ಟಿದ್ದು ಕೇಳಿಸ್ತು ಅಂದ್ರೆ ಆ ಮಗು ಎದ್ದು ಹೋಗಿ ಬಾಗಿಲು ತೆಗೆಯೋ ಹಾಗಿರ್ಬೇಕು."