ಹಜೀರಾ ಮುಚ್ಚಿಸಿದ ಕಿಟಕಿ

ನ್ಯಾಮತಿಯ ಹಜೀರಾಗೆ ಯಾರ ಮೇಲೂ ನಂಬಿಕೆ ಇಲ್ಲ. ಹಾಲಿನವಳು ನೀರು ಬೆರೆಸಿದ್ದಾಳೆ, ಮಟನ್ ಅಂಗಡಿಯವನು ನಿನ್ನೆಯದನ್ನು ಕಟ್ಟಿಕೊಟ್ಟಿದ್ದಾನೆ, ಸೊಸೆ ರುಹೀನಾ ರುಚಿ ನೋಡುವ ನೆಪದಲ್ಲಿ ಅರ್ಧ ಸಾರು ಖಾಲಿ ಮಾಡಿದ್ದಾಳೆ. ಎಲ್ಲದಕ್ಕೂ ಸಾಕ್ಷಿ ಅವಳ ಮೂಗು. ಒಮ್ಮೆ ಮೂಸಿ ತೀರ್ಪು ಕೊಟ್ಟಳೆಂದರೆ ಮುಗಿಯಿತು, ಅಪೀಲು ಗಿಪೀಲು ಏನೂ ನಡೆಯದು.

ಈ ಮೂಗಿನ ಕೈಗೆ ಹೆಚ್ಚಾಗಿ ಸಿಕ್ಕಿಬಿದ್ದವರು ಗಂಡ, ಟೈಲರ್ ಸುಬಾನಸಾಬರು. ಮನೆಯ ಹಿಂದಿನ ಕೋಣೆಯಲ್ಲೇ ಅವರ ಹೊಲಿಗೆ ಮಿಷನ್ನು, ಅಲ್ಲೇ ನಿದ್ದೆ. ಒಂದು ದಿನ ಅವರ ಅಂಗಿಯಲ್ಲಿ ಬೀಡಿ ವಾಸನೆ ಹೊಡೆಯಿತು.

"ಬಟ್ಟೆ ಕೊಡಾಕೆ ಬಂದೋರು ಸೇದ್ತಾರೆ ಕಣೇ, ನಾನಲ್ಲ" ಎಂದರು ಸಾಬರು.

ಹಜೀರಾ ನಂಬಿಯಾಳೇ! ಹಿತ್ತಿಲ ಕಡೆಯ ಕಿಟಕಿಯಲ್ಲಿ ನಿಂತು ಕದ್ದು ಸೇದುತ್ತಾರೆ ಅಂತ ಖಾತ್ರಿ ಮಾಡಿಕೊಂಡಳು. ಗಾರೆಯವನನ್ನು ಕರೆಸಿ ಇದ್ದ ಆ ಒಂದೇ ಕಿಟಕಿಗೆ ಇಟ್ಟಿಗೆ ಇಡಿಸಿ ಸಿಮೆಂಟು ಮೆತ್ತಿಸಿಯೇ ಬಿಟ್ಟಳು. "ಈಗ ಎಲ್ಲಿ ನಿಂತು ಸೇದ್ತೀರೋ ನೋಡ್ತೀನಿ!" ಸಾಬರು ನಕ್ಕು, ಹಗಲಲ್ಲೂ ಲೈಟು ಹಾಕಿಕೊಂಡು ಹೊಲಿಯತೊಡಗಿದರು.

ಎಷ್ಟೋ ವರ್ಷ ಕಳೆದ ಮೇಲೆ ಅವರಿಗೆ ಕೆಮ್ಮು ಹಿಡಿಯಿತು, ಕಫದಲ್ಲಿ ರಕ್ತ ಬಂತು. ದಾವಣಗೆರೆಯ ಡಾಕ್ಟರು ಶ್ವಾಸಕೋಶದ ಕ್ಯಾನ್ಸರ್ ಎಂದು ಹೇಳಿ, "ಬೀಡಿ ಸೇದ್ತಿದ್ರಾ?" ಎಂದು ಕೇಳಿದರು. ಸಾಬರು ಇಲ್ಲವೆಂದರು. ಹಜೀರಾ ನಡುವೆ ಬಾಯಿ ಹಾಕಿದಳು: "ಸುಳ್ಳು ಡಾಕ್ಟ್ರೇ, ಕದ್ದು ಸೇದ್ತಾರೆ." ಸಾಬರು ಹೆಂಡತಿಯ ಮುಖ ನೋಡಿದರು. ಮುಂದಿನ ರಂಜಾನ್ ಹೊತ್ತಿಗೆ ತೀರಿಕೊಂಡರು. ಮಾತಾಡಿಸಲು ಬಂದವರಿಗೆಲ್ಲ ಹಜೀರಾ ಬೀಡಿಯ ಕತೆಯನ್ನೇ ಹೇಳಿದಳು.

ಆಮೇಲೆ ಆ ಕೋಣೆಯಲ್ಲಿ ರುಹೀನಾ ತನ್ನ ಹಾಲುಗೂಸು ಸಾಯಿಮಾಳನ್ನು ಹಾಕಿಕೊಂಡು ಮಲಗತೊಡಗಿದಳು. ಹೋದ ವರ್ಷ ರಕ್ಷಾ ಎಂಬ ಹುಡುಗಿ, ಕಾಲೇಜಿನಲ್ಲಿ ಸಂಶೋಧನೆ ಮಾಡುವವಳು, ಓಣಿಯ ಮನೆಮನೆಗೂ ಬಂದಳು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ.

"ನೆಲದ ಕಲ್ಲು ಮಣ್ಣಿಂದ ರೇಡಾನ್ ಅಂತ ಒಂದು ಗಾಳಿ ಏಳ್ತೈತೆ ಅಮ್ಮಾ. ಬಯಲಾಗೆ ಚದುರಿ ಹೋಗ್ತೈತೆ, ಮುಚ್ಚಿದ ಕೋಣೆಯಾಗೆ ತುಂಬ್ಕಂತೈತೆ. ವರ್ಷಾನುಗಟ್ಲೆ ಉಸಿರಾಡಿದ್ರೆ ಶ್ವಾಸಕೋಶಕ್ಕೆ ಕ್ಯಾನ್ಸರ್ ಬರಬೋದು. ಈ ಡಬ್ಬಿ ಮೂರು ತಿಂಗ್ಳು ಇಲ್ಲಿ ತೂಗುಬಿದ್ದಿದ್ರೆ ಎಷ್ಟೈತೆ ಅಂತ ಗೊತ್ತಾಗ್ತೈತೆ."

"ಅದರ ವಾಸ್ನೆ ಹೆಂಗಿರ್ತೈತೆ?"

"ವಾಸ್ನೆನೇ ಇಲ್ಲಮ್ಮಾ."

"ನನ್ನ ಮೂಗಿಗೆ ಸಿಗದೇ ಇರೋದು ನಿನ್ನ ಡಬ್ಬಿಗೆ ಸಿಗ್ತೈತೇನು?"

ರಕ್ಷಾ ನಗುತ್ತ ಡಬ್ಬಿ ಕಟ್ಟಿ, "ಮನೆಯಾಗೆ ಯಾರಾದ್ರೂ ಬೀಡಿ ಸಿಗರೇಟು ಸೇದ್ತಿದ್ರಾ?" ಎಂದು ಕೇಳಿದಳು.

"ನಮ್ಮ ಯಜಮಾನ್ರು. ಕದ್ದು. ಅದಕ್ಕೇ ಕ್ಯಾನ್ಸರ್ ಆಗಿ ಹೋದ್ರು."

ಅವಳು ಅತ್ತ ಹೋದದ್ದೇ ತಡ, ಹಜೀರಾಗೆ ಡಬ್ಬಿಯ ಮೇಲೆ ಅನುಮಾನ ಹುಟ್ಟಿತು. ಅದರಲ್ಲಿ ಸಣ್ಣ ತೂತು ಯಾಕಿದೆ? ಹೆಣ್ಣುಮಕ್ಕಳು ಮಲಗುವ ಕೋಣೆಯಲ್ಲಿ ಕ್ಯಾಮೆರಾ ಇಟ್ಟು ಹೋದಳೇನು? ಕೂಸಿಗೆ ತಾಗದಂತೆ ಕೋಣೆಯ ಅಟ್ಟಕ್ಕೆ ಏರಿಸಿದ್ದೇನೆಂದು ಸೊಸೆಗೆ ಹೇಳಿ, ಡಬ್ಬಿ ಬಿಚ್ಚಿ ಗಾಳಿ ಬೀಸುವ ಹೊರಗಿನ ಜಗಲಿಯ ಮೂಲೆಯಲ್ಲಿ ಸೂರಿನ ಮರೆಗೆ ತೂಗುಹಾಕಿದಳು. ಮೂರು ತಿಂಗಳಾಗಿ ರಕ್ಷಾ ಫೋನು ಮಾಡಿ ಡಬ್ಬಿ ಒಯ್ಯಲು ಬರುವ ದಿನ ಏನೂ ಅರಿಯದವಳಂತೆ ಮತ್ತೆ ಒಳಗೆ ಕಟ್ಟಿದಳು.

ಕೆಲವು ವಾರಗಳ ಮೇಲೆ ರಕ್ಷಾ ಬಂದು, "ನಿಮ್ಮ ಕೋಣೆ ಚೆನ್ನಾಗೈತಮ್ಮಾ, ಹೆದರಾಕೆ ಏನಿಲ್ಲ" ಅಂದಳು. ಹಜೀರಾ ಗೆದ್ದವಳಂತೆ ಸೊಸೆಯ ಕಡೆ ತಿರುಗಿದಳು. "ಕೇಳಿದ್ಯಾ? ನಾನು ಹೇಳಿರ್ಲಿಲ್ವಾ, ಬೀಡಿನೇ ಅಂತ!"

ಆದರೆ ಮಧ್ಯಾಹ್ನ ಮೊಮ್ಮಗಳನ್ನು ಆ ಕೋಣೆಯಲ್ಲಿ ಮಲಗಿಸುವಾಗ ಕೈ ನಿಂತಿತು. ಊರೆಲ್ಲರನ್ನೂ ಅನುಮಾನಿಸಿದವಳಿಗೆ ಮೊದಲ ಸಲ ತನ್ನ ಮೇಲೇ ಅನುಮಾನ ಬಂತು. ಜಗಲಿಯಲ್ಲಿ ತೂಗಿದ ಡಬ್ಬಿ ಜಗಲಿಯ ಸುದ್ದಿಯನ್ನಲ್ಲವೇ ಹೇಳುವುದು? ನಿಜ ಹೇಳಿ, ಕೋಣೆಯ ಗಾಳಿ ಕೆಟ್ಟದ್ದೆಂದು ಬಂದರೆ ಗಂಡನ ಮಾತು ನಿಜವಾದೀತು. ಹೇಳದಿದ್ದರೆ ಈ ಕೂಸು ದಿನಾ ಇಲ್ಲೇ ಉಸಿರಾಡಬೇಕು.

"ರುಹೀನಾ, ಆ ಹುಡುಗೀಗೆ ಫೋನ್ ಹಚ್ಚು. ಡಬ್ಬಿ ನಾನೇ ಹೊರಗಿಟ್ಟಿದ್ದೆ."

"ಅಯ್ಯೋ ಅಮ್ಮೀ, ಏನ್ ಮಾಡ್ಬಿಟ್ರಿ!" ಎಂದು ರುಹೀನಾ ಕೂಸನ್ನು ಎತ್ತಿಕೊಂಡು ಹೊರಕೋಣೆಗೆ ಹೋದಳು. ಅವತ್ತಿನಿಂದ ತಾಯಿ ಮಗು ಅಲ್ಲೇ ಮಲಗಿದರು.

ಹೊಸ ಡಬ್ಬಿ ಬಂತು. ಈ ಸಲ ಹಜೀರಾ ಅದನ್ನು ಮುಟ್ಟಲಿಲ್ಲ, ಯಾರಿಗೂ ಮುಟ್ಟಗೊಡಲಿಲ್ಲ. ಫಲಿತಾಂಶ ತಂದ ರಕ್ಷಾಳ ಮುಖದಲ್ಲಿ ನಗುವಿರಲಿಲ್ಲ.

"ಬಾಳ ಜಾಸ್ತಿ ಐತಮ್ಮಾ. ಸಾಹೇಬ್ರ ಕಾಯಿಲೆ ಇದರಿಂದಾನೇ ಬಂತು ಅಂತ ನಾನು ಹೇಳಾಕಾಗಲ್ಲ. ಆದ್ರೆ ನೆಲದ ಬಿರುಕು ಮುಚ್ಚಿಸ್ರಿ, ಗಾಳಿ ಆಡಂಗೆ ಮಾಡ್ರಿ. ಅದಕ್ಕೂ ಇಳೀಲಿಲ್ಲ ಅಂದ್ರೆ ನೆಲದಡಿಯಿಂದ ಪೈಪು ಹಾಕಿ, ಫ್ಯಾನ್ ಕೂರಿಸಿ ಮೇಲಕ್ಕೆ ಎಳೆಸ್ಬೇಕಾಗ್ತೈತೆ. ಇಲ್ಲಿ ಕಿಟಕಿನೇ ಇಲ್ವಾ?"

"ಇತ್ತು" ಎಂದಳು ಹಜೀರಾ. "ನಾನೇ ಮುಚ್ಚಿಸ್ದೆ."

ಮರುದಿನವೇ ಗಾರೆಯವನು ಬಂದು ನೆಲದ ಬಿರುಕಿಗೆಲ್ಲ ಸಿಮೆಂಟು ತುಂಬಿದ, ಕಿಟಕಿಯ ಇಟ್ಟಿಗೆ ಕಿತ್ತ. ಹಳೇ ಮಿಷನ್ನಿನ ಮೇಲೆ ಬೆಳಕು ಬಿತ್ತು. ಹಜೀರಾ ಇಟ್ಟಿಗೆಯಡಿ ಮುಚ್ಚಿಹೋಗಿದ್ದ ಕಿಟಕಿಯ ಹಾಸುಗಲ್ಲನ್ನೆಲ್ಲ ಕೈಯಾಡಿಸಿ ಹುಡುಕಿದಳು, ಬಗ್ಗಿ ಮೂಸಿಯೂ ನೋಡಿದಳು. ಒಂದು ಬೀಡಿ ಚೂರಿಲ್ಲ, ಬೂದಿಯಿಲ್ಲ. ಸಿಕ್ಕಿದ್ದು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಒಂದು ತುಂಡು ಮಾತ್ರ.

ರೇಡಾನ್ ಇಳಿದಿದೆಯೇ ಎಂದು ನೋಡಲು ರಕ್ಷಾ ಮತ್ತೊಂದು ಡಬ್ಬಿ ಕಟ್ಟಿದಳು. ಹೊಸ ಫಾರಂ ತುಂಬುತ್ತ ವಾಡಿಕೆಯಂತೆ ಕೇಳಿದಳು, "ಮನೆಯಾಗೆ ಯಾರಾದ್ರೂ ಸೇದ್ತಿದ್ರಾ ಅಮ್ಮಾ?"

ಹಜೀರಾ ಸೀಮೆಸುಣ್ಣದ ತುಂಡನ್ನು ಸೆರಗಿನ ಗಂಟಿಗೆ ಕಟ್ಟಿಕೊಳ್ಳುತ್ತಿದ್ದಳು. ಕಣ್ಣೀರು ಗಳಗಳನೆ ಇಳಿಯಿತು.

"ಇಲ್ಲ ತಾಯಿ. ಇಲ್ಲ ಅಂತ ಅವರು ಹೇಳಿದ್ರು."