ನೀಲಕ್ಕ ಹತ್ತದ ಬೋಟು

ನಮ್ಮ ಅಕ್ಕನನ್ನು ನಾನು ಬೋಟಿಗೆ ಕರೆದೊಯ್ಯಲಿಲ್ಲ. ಒಯ್ಯುತ್ತೇನೆಂದು ಮಾತು ಕೊಟ್ಟಿದ್ದೆ, ಒಯ್ಯಲಿಲ್ಲ. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯಲು ಕೈ ಹಗುರಾದೀತು ಎಂದುಕೊಂಡಿದ್ದೆ. ಆಗಲಿಲ್ಲ. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವನು ನಾನು. ನನ್ನ ಕೈಗೆ ಹೆಂಚಿನ ಮಣ್ಣು ಗೊತ್ತು, ಪೆನ್ನು ಅಷ್ಟಾಗಿ ಗೊತ್ತಿಲ್ಲ. ಆದ್ದರಿಂದ ಮಾತು ಅತ್ತಿತ್ತ ಹರಿದರೆ ನೀವು ಸ್ವಲ್ಪ ಸಂಭಾಳಿಸಿಕೊಳ್ಳಬೇಕು.

ಹೋದ ವಾರ ಬೆಳಗಾವಿಯ ಹಿಂದವಾಡಿಯಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಅವಳ ಮೊಮ್ಮಗಳು ವಿದ್ಯಾ ತನ್ನ ಮೊಬೈಲನ್ನು ನನ್ನ ಮೂಗಿಗೆ ತಾಗುವಷ್ಟು ಹತ್ತಿರ ತಂದು ಒಂದು ಚಿತ್ರ ತೋರಿಸಿದಳು. ಮದುವೆಯ ಮಂಗಲ ಕಾರ್ಯಾಲಯವೊಂದನ್ನು ಎತ್ತಿ ಸಮುದ್ರದ ಮೇಲೆ ಇಟ್ಟಂಥ ಬಿಳಿ ಹಡಗು. ಹದಿನೈದು ದಿನ ನೀರಿನ ಮೇಲೆಯೇ ಇರುವ ಪ್ರವಾಸವಂತೆ. ಮನೆಮಂದಿಯೆಲ್ಲ ಹೊರಟಿದ್ದರು. ಏನೇನು ಒಯ್ಯಬೇಕು, ಹೊಟ್ಟೆ ತೊಳಸಿದರೆ ಯಾವ ಗುಳಿಗೆ, ಸಂಜೆಯ ಗಾಳಿಗೆ ಎಂಥ ಶಾಲು ಎಂದೆಲ್ಲ ಅವಳು ಓದುತ್ತ ಹೋದಳು. ಕೊನೆಗೆ, "ಅಜ್ಜಾ, ಹಡಗಿನ್ಯಾಗ ಖರೇ ಹೆಂಗಿರತೈತಿ, ನಿನಗೇನರ ಗೊತ್ತೇನು?" ಎಂದು ಕೇಳಿದಳು.

"ನನಗ್ಯಾಕ ಗೊತ್ತಿರತೈತವ್ವಾ," ಎಂದೆ.

ಅಕ್ಕ ಎದುರಿಗೇ ಕೂತಿದ್ದಳು, ಅವರೆಕಾಯಿ ಸುಲಿಯುತ್ತ.

ಹಡಗಿನಲ್ಲಿ ಹೇಗಿರುತ್ತದೆ ಎನ್ನುವುದನ್ನು ನಮ್ಮಿಬ್ಬರಿಗೂ ಮೊದಲು ಹೇಳಿದವನು ಖಾನಾಪುರದ ನಮ್ಮ ಓಣಿಯ ಬಸ್ತ್ಯಾಂವ. ಪರದೇಶದವರು ಮೋಜಿಗೆಂದು ತಿಂಗಳುಗಟ್ಟಲೆ ತಿರುಗುವ ದೊಡ್ಡ ಹಡಗಿನ ಅಡಿಗೆಮನೆಯಲ್ಲಿ ಅವನಿಗೆ ಕೆಲಸ. ವರ್ಷಕ್ಕೊಮ್ಮೆ ರಜೆಗೆ ಬಂದಾಗ ಹೂವಿನ ಅಂಗಿ ತೊಟ್ಟು ನಮ್ಮ ಕಟ್ಟೆಯ ಮೇಲೆ ಕೂತು ಬಿಡುತ್ತಿದ್ದ. ಎಪ್ಪತ್ತರ ದಶಕದ ಆರಂಭ ಅದು. ನಮ್ಮ ಓಣಿಯವರು ನೋಡಿದ ದೊಡ್ಡ ನೀರೆಂದರೆ ಮಳೆಗಾಲದ ಮಲಪ್ರಭೆ. ಬಸ್ತ್ಯಾಂವ ಹೇಳಿದ್ದೆಲ್ಲ ನಮಗೆ ಶಾಸ್ತ್ರ.

"ಮೊದಲನೇ ದಿವಸ ಹೊಟ್ಟಿ ಹೊರಗ ಬರತೈತಿ, ಎರಡನೇ ದಿವಸ ಜೀವ ಹೊರಗ ಬರತೈತಿ, ಮೂರನೇ ದಿವಸ ಎರಡೂ ತಿರುಗಿ ಒಳಗ ಹೋಗ್ತಾವ ನೀಲವ್ವಾ. ಆಮ್ಯಾಲ ನೋಡು, ತಿನ್ನೂದು, ಮಲಗೂದು, ಮತ್ತ ತಿನ್ನೂದು. ಇಳಿಯೂ ಹೊತ್ತಿಗೆ ಒಬ್ಬರ ಗುಂಡೀನೂ ಅಂಗಿಗೆ ಕೂಡೂದಿಲ್ಲ."

"ಜಗಳಾ ಆಗೂದಿಲ್ಲೇನು?" ಅಕ್ಕ ಕೇಳುತ್ತಿದ್ದಳು.

"ಯಾಕಾಗೂದಿಲ್ಲ? ಒಂದು ವಾರ ಆದ ಮ್ಯಾಲ ಗಂಡಗ ಹೆಂಡ್ತಿ ಮಾರಿ ಸಾಕಾಗತೈತಿ. ಹಾದೀನೂ ಇಲ್ಲ ಎದ್ದು ಹೋಗಾಕ!"

"ಮತ್ತ ಲಿಂಗಪೂಜಿಗೆ ಸಿಹಿನೀರು?"

ಬಸ್ತ್ಯಾಂವ ಗಾಬರಿಯಾದ. ಹಡಗಿನ ಬಗ್ಗೆ ಅವನನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಅಕ್ಕನ ಕೊರಳಿನ ಲಿಂಗಕ್ಕೆ ನಿತ್ಯ ನೀರೆರೆಯಬೇಕು. ಸುತ್ತ ಅಷ್ಟು ನೀರಿದ್ದೂ ಒಂದು ತಂಬಿಗೆ ಸಿಗದೆ ಹೋದರೆ ಎಂಬುದು ಅವಳ ಚಿಂತೆ. ಯೋಚಿಸಿ ಯೋಚಿಸಿ ಅವನು, "ಕಪ್ತಾನ ಸಾಹೇಬನ್ನ ಕೇಳಿ ಕೊಡಸ್ತೇನಿ," ಎಂದ. ಅಕ್ಕನ ಮುಖ ಬೆಳಗಿತು. ಹಡಗು ಹತ್ತಲು ಇದ್ದ ಒಂದೇ ಅಡ್ಡಿ ಅವಳ ಪಾಲಿಗೆ ಅವತ್ತು ನಿವಾರಣೆಯಾಗಿತ್ತು.

ಅವನ ಹಡಗು ನಮಗೆಲ್ಲಿ ಸಿಗಬೇಕು? ಆದರೆ ಪಣಜಿಯಿಂದ ಮುಂಬಯಿಗೆ ಆಗ ಒಂದು ಬೋಟು ಹೋಗುತ್ತಿತ್ತು. ಬೆಳಿಗ್ಗೆ ಹತ್ತಿದರೆ ಮರುದಿನ ಬೆಳಿಗ್ಗೆ ಮುಂಬಯಿ. ಮಳೆಗಾಲದಲ್ಲಿ ನಿಂತು, ಮತ್ತೆ ಚಳಿ ಬೀಳುವ ಮುಂಚೆ ಶುರುವಾಗುತ್ತಿತ್ತು. ಅಕ್ಕ ತನ್ನ ಆಸೆಯನ್ನು ಕತ್ತರಿಸಿ ಆ ಬೋಟಿನ ಅಳತೆಗೆ ಹೊಲಿದುಕೊಂಡಳು.

ಅಷ್ಟರಲ್ಲಿ ಅವಳು ಮದುವೆಯಾಗಿ ಹಿಂದವಾಡಿಗೆ ಹೋದಳು. ಮಾವನ ಕಿರಾಣಿ ಅಂಗಡಿ, ಅದನ್ನು ಬಿಟ್ಟು ಏಳದ ಗಂಡ, ಎಲ್ಲವನ್ನೂ ನೋಡುವ ಅತ್ತೆ. ಪಂಚಮಿಗೆ ಮಾತ್ರ ನಾನು ಹೋಗಿ ಕರೆತರುತ್ತಿದ್ದೆ. ಅಲ್ಲಿ ಅದೊಂದು ಕಟ್ಟುನಿಟ್ಟು: ಹೆಣ್ಣುಮಗಳು ತಾನಾಗಿ ತವರಿಗೆ ಹೊರಡುವಂತಿಲ್ಲ, ಒಡಹುಟ್ಟಿದವನು ಬಾಗಿಲಿಗೆ ಬಂದು ಕರೆಯಬೇಕು. ಕರೆದರೆ ಕಳಿಸುತ್ತಿದ್ದರು, ಅದರಲ್ಲಿ ತಕರಾರಿಲ್ಲ. ನಡುದಾರಿಯ ದೇಸೂರು ಸ್ಟೇಶನ್ನು ದಾಟುವವರೆಗೆ ಅವಳು ರೈಲಿನಲ್ಲಿ ಸೊಸೆಯ ಹಾಗೆ ಕೂತಿರುತ್ತಿದ್ದಳು, ದಾಟಿದ ಮೇಲೆ ಸೆರಗು ಸಡಿಲಿಸಿ, "ಈಗ ಹೇಳೋ ಮಂಗ್ಯಾ, ಊರಾಗ ಏನ ಸುದ್ದಿ?" ಎನ್ನುತ್ತಿದ್ದಳು.

ಪಂಚಮಿಯೆಂದರೆ ನಮ್ಮಲ್ಲಿ ಜೋಕಾಲಿ. ಎಲ್ಲ ಹೆಣ್ಣುಮಕ್ಕಳೂ ಜೀಕುವುದು ಸಂತೋಷಕ್ಕೆ, ನಮ್ಮ ಅಕ್ಕ ಜೀಕಿದ್ದು ಅಭ್ಯಾಸಕ್ಕೆ. ಬೋಟು ತೂಗಾಡುತ್ತದೆ, ಈಗಿನಿಂದಲೇ ರೂಢಿ ಮಾಡಿಕೊಂಡರೆ ಹೊಟ್ಟೆ ಹೊರಗೆ ಬರುವುದಿಲ್ಲ ಎಂದು ಅವಳ ಲೆಕ್ಕಾಚಾರ. ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ಚಟ್ನಿ ಸವರಿದ ರೊಟ್ಟಿ. ತೂಗುವುದು ನನ್ನ ಪಾಲಿಗೆ.

"ಏನ ನೀಲವ್ವಾ, ಮುಟ್ಟಿತೇನು ಮುಂಬೈ?" ಬಾಜು ಮನೆಯ ಕಲ್ಲವ್ವ ಕೂಗುತ್ತಿದ್ದಳು.

"ಇನ್ನೂ ರತ್ನಾಗಿರಿ ಐತಿ ತಡೀ. ಏ ತಮ್ಮಾ, ಜೋರ್ಲೆ ತೂಗು, ಬಿರುಗಾಳಿ ಎದ್ದೈತಿ!"

ಅಂಥ ಒಂದು ಪಂಚಮಿಯಲ್ಲಿ, ಜೋಕಾಲಿ ನಿಂತ ಮೇಲೆ, ನಾನಾಗಿಯೇ ಹೇಳಿದೆ: "ಅಕ್ಕಾ, ದೀಪಾವಳಿಗೆ ಕರಿಯಾಕ ಬರ್ತೇನಿ. ಹಬ್ಬಾ ಮುಗಿಸಿ ಬೋಟಿನ್ಯಾಗ ಹೋಗೂಣು." ಅವಳು ರೊಟ್ಟಿ ಅಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಚೇಷ್ಟೆಯಲ್ಲ ಎಂದು ಖಾತ್ರಿಯಾದ ಮೇಲೆ ಮತ್ತೆ ಅಗಿದಳು. ಅಷ್ಟೇ. 

ನಾನಾಗ ಹೆಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಅಗಲ ಕಾಲಿನ ಪ್ಯಾಂಟು ಹೊಲಿಸಿಕೊಂಡಿದ್ದೆ. ಅದನ್ನು ತೊಟ್ಟು ನಡೆದರೆ ಖಾನಾಪುರದ ಪೇಟೆಯ ಧೂಳನ್ನೆಲ್ಲ ನಾನೇ ಗುಡಿಸಿದಂತಾಗುತ್ತಿತ್ತು. ಬೋಟಿನ ಸುದ್ದಿ ಹೇಳಿದ ಕೂಡಲೇ ಜೊತೆಗೆ ಕೆಲಸ ಮಾಡುವ ಇಬ್ಬರು ಗೆಳೆಯರು ತಾವೂ ಬರುತ್ತೇವೆಂದರು. ಅಕ್ಕ ಬರುತ್ತಾಳೆಂದು ತಿಳಿದಾಗ ನಕ್ಕರು.

"ಅಕ್ಕನ್ನ ಕಟಗೊಂಡು ಮುಂಬೈಕ್ಕ ಹೊಂಟಾನ ನೋಡ್ರಿ ಹೀರೋ! ರೊಟ್ಟಿ ಗಂಟು ಹೊರಾಕ ಹಮಾಲಿ ಬೇಕಲ್ಲ ಆಕಿಗೆ."

ನಾನೂ ನಕ್ಕೆ. ಮನಸ್ಸಿನಲ್ಲಿ ಮಾತ್ರ ಆ ಚಿತ್ರ ಕೂತುಬಿಟ್ಟಿತು: ಬೋಟಿನ ಮೇಲೆ ಅಕ್ಕ ತಂಬಿಗೆ ಹಿಡಿದು ಸಿಹಿನೀರು ಕೇಳುತ್ತ ಎಲ್ಲರೆದುರು ಓಡಾಡುವುದು, ಕಂಡಕಂಡವರನ್ನು "ನಿಮ್ಮದ್ಯಾವ ಊರ್ರಿ?" ಎಂದು ಮಾತಾಡಿಸುವುದು, ನಾನು ಅಗಲ ಕಾಲಿನ ಪ್ಯಾಂಟಿನಲ್ಲಿ ಅವಳ ಹಿಂದೆ ಗಂಟು ಹೊತ್ತು ನಿಲ್ಲುವುದು. ನಾಚಿಕೆಯಾಯಿತು. ಇವತ್ತಿಗೂ ನನಗೆ ಸಿಗುವ ಕಾರಣ ಇದೊಂದೇ. ಇದಕ್ಕಿಂತ ದೊಡ್ಡ ಕಾರಣವಿದ್ದಿದ್ದರೆ ಇಷ್ಟು ವರ್ಷ ಒಳಗೊಳಗೇ ಬೇಯುತ್ತಿರಲಿಲ್ಲವೇನೋ.

ಅಕ್ಕನನ್ನು ಕರೆಯಲು ಹೋಗಬೇಕಾದ ದಿನವೇ, ದಿನವೂ ಬೆಳಗಿನ ರೈಲಿಗೆ ಬೆಳಗಾವಿಗೆ ಬೆಣ್ಣೆ ಒಯ್ದು ಮಾರುವ ರಾಮಣ್ಣ ಎಂಬವನ ಕೈಯಲ್ಲಿ ಹೇಳಿ ಕಳಿಸಿದೆ: ಬೋಟು ರದ್ದಾಗಿದೆ, ಹಬ್ಬಕ್ಕೂ ಕರೆಯಲು ಬರಲಾಗುವುದಿಲ್ಲ, ಕಾರ್ಖಾನೆಯಲ್ಲಿ ಕೆಲಸವಿದೆ. ಅವ್ವನಿಗೆ ಹುಬ್ಬಳ್ಳಿಗೆ ಹೋಗುತ್ತೇನೆಂದೆ. ಗೆಳೆಯರ ಜೊತೆ ಪಣಜಿಯ ಬಸ್ಸು ಹತ್ತಿದೆ.

ಹಡಗಿನಲ್ಲಿ ಹೇಗಿರುತ್ತದೆ? ಈಗ ನಿಮಗೆ ಹೇಳುತ್ತೇನೆ. ಮೊದಲು ಓಟ. ಎಲ್ಲರೂ ಚಾಪೆ ಹಿಡಿದು ಬೋಟಿನ ತೆರೆದ ಅಟ್ಟದ ಮೇಲೆ ಜಾಗ ಹಿಡಿಯಲು ಓಡುತ್ತಾರೆ; ಚಾಪೆ ಬಿಚ್ಚಿದಷ್ಟು ಜಾಗಕ್ಕೆ ನೀವು ಮಾಲಕರು. ಪಣಜಿಯ ಹೊಳೆ ಮುಗಿದು ಸಮುದ್ರ ಶುರುವಾಗುವುದು ಕಣ್ಣಿಗಿಂತ ಮೊದಲು ಹೊಟ್ಟೆಗೆ ತಿಳಿಯುತ್ತದೆ. ಎಣ್ಣೆ, ಉಪ್ಪು, ಒಣಮೀನಿನ ವಾಸನೆ ಒಂದಾಗಿ ಬರುತ್ತದೆ. ನಡುನಡುವೆ ಬೋಟು ದಂಡೆಯಿಂದ ದೂರ ನಿಲ್ಲುತ್ತದೆ; ಸಣ್ಣ ದೋಣಿಗಳು ಬಂದು ಬದಿಗೆ ಆತುಕೊಳ್ಳುತ್ತವೆ, ಜನ ಕೋಳಿಬುಟ್ಟಿ, ಕೂಸು, ಟ್ರಂಕು ಎಲ್ಲವನ್ನೂ ಕೈಯಿಂದ ಕೈಗೆ ದಾಟಿಸಿ ಮೇಲೆ ಹತ್ತುತ್ತಾರೆ.

ಗೆಳೆಯರು ಇಸ್ಪೀಟು ಹರವಿದರು. ನಾನು ಕಟಕಟೆ ಹಿಡಿದು ವಾಂತಿ ಮಾಡಿಕೊಂಡೆ. ಪಕ್ಕದ ಚಾಪೆಯ ವೆಂಗುರ್ಲೆಯ ಮುದುಕಿಯೊಬ್ಬಳು ಬಾಯಿಗೆ ಆಮಸೂಲಿನ ಹುಳಿಸಿಪ್ಪೆ ಕೊಟ್ಟು, ಬೆನ್ನು ನೀವಿ, "ತುಝೀ ಮಾಣಸಂ ಕುಠಂ ರೇ ಬಾಳಾ?" ಎಂದಳು. ನಿನ್ನ ಮನೆಯವರೆಲ್ಲಿ ಮಗಾ, ಎಂದು. "ಕೋಣೀ ನಾಹೀ," ಎಂದೆ. ಯಾರೂ ಇಲ್ಲ.

ಸಂಜೆ ಹೊಟ್ಟೆ ಸುಮ್ಮನಾದಾಗ ತಲೆ ಎತ್ತಿದೆ. ಸೂರ್ಯ ನೀರಿಗೆ ಹತ್ತಿರವಾಗಿದ್ದ. ದಂಡೆಯ ಗುಡ್ಡಗಳು ನೀಲಿಯಾಗಿ ಹಿಂದೆ ಸರಿಯುತ್ತಿದ್ದವು. ಬೋಟಿನ ತುಂಬ ಜನ ಪಡುವಣಕ್ಕೆ ತಿರುಗಿ ನಿಂತರು. ಇಸ್ಪೀಟಿನವರೂ ಎಲೆ ಮಡಿಸಿದರು. ಇಲ್ಲಿ ಅಕ್ಕ ಇದ್ದಿದ್ದರೆ ಕೇಳುತ್ತಿದ್ದಳು: ಸೂರ್ಯ ಮುಳುಗಿದಲ್ಲಿ ನೀರು ಬೆಚ್ಚಗಿರತೈತೇನೋ? ಈ ಹಕ್ಕಿ ಎಲ್ಲಿ ಮಲಗ್ತಾವೋ?  ಹಾಗೆ ಕೇಳುವವಳಿಲ್ಲದೆ ಅಷ್ಟು ದೊಡ್ಡ ಸಮುದ್ರ ನನಗೆ ಬರಿಯ ನೀರಾಗಿ ಕಂಡಿತು. ಮುಂಬಯಿಯಲ್ಲಿ ಏನು ನೋಡಿದೆನೋ ನೆನಪಿಲ್ಲ.

ಊರಿಗೆ ಮರಳಿದಾಗ ಅವ್ವ ಒಂದು ಗಂಟು ಮುಂದಿಟ್ಟಳು. ಶೇಂಗಾ ಹೋಳಿಗೆ. ಅದನ್ನು ತಂದಿದ್ದ ರಾಮಣ್ಣ ಆಮೇಲೆ ಸಿಕ್ಕಾಗ ಹೇಳಿದ: "ನಾ ಹೋದಾಗ ನಿಮ್ಮ ಅಕ್ಕ ಗಂಟು ಕಟಗೊಂಡು ಕಟ್ಟೀ ಮ್ಯಾಲ ಕುಂತಿದ್ಲಪಾ. ಸುದ್ದಿ ಕೇಳಿ ಗಂಟು ನನ್ನ ಕೈಯಾಗ ಇಟ್ಲು. ಆಮ್ಯಾಲ, 'ಪಾಪ, ತಮ್ಮ ಭಾಳ ಬ್ಯಾಸರ ಮಾಡಕೊಂಡಿರ್ತಾನ, ಇದನ್ನ ಅವಗ ಕೊಡು' ಅಂದ್ಲು. ಅವರ ಅತ್ತಿ ಒಳಗಿಂದ, 'ಬಂದನೇನು ನಿನ್ನ ತಮ್ಮ?' ಅಂತ ಚುಚ್ಚಿದ್ರು. 'ಬೋಟ ನಿಂತ್ರ ಅವನರ ಏನ ಮಾಡ್ತಾನ್ರೀ ಅತ್ಯಾ?' ಅಂತ ಜಗಳಾನ ತಗದ್ಲು."

ನಾನು ಆ ಹೋಳಿಗೆ ತಿಂದೆ. ಎಲ್ಲವನ್ನೂ ತಿಂದೆ.

ಆಮೇಲೆ ಪ್ರತಿ ಪಂಚಮಿಗೂ ಅವಳು, "ಈ ವರ್ಷ ಬೋಟ್ ಬಿಡ್ತಾರಂತೇನೋ?" ಎನ್ನುವಳು. ನಾನು ಮುಂದಿನ ವರ್ಷ ನೋಡೂಣು ಎನ್ನುವೆ. ಆಮೇಲಾದರೂ ಕರೆದೊಯ್ದಿದ್ದರೆ ಆಗುತ್ತಿತ್ತಲ್ಲ ಎಂದು ನೀವು ಕೇಳಬಹುದು. ಬೋಟಿನ ಮೇಲೆ ಕಾಲಿಟ್ಟರೆ ನನ್ನ ಮುಖವೇ ಎಲ್ಲ ಹೇಳಿಬಿಡುತ್ತದೆ ಎಂಬ ಹೆದರಿಕೆ. ಹೀಗೇ ನನ್ನ ಮದುವೆ, ಅವಳ ಮಕ್ಕಳು, ಅವಳ ಗಂಡನ ಕಾಯಿಲೆ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಆ ಬೋಟು ಖರೇ ನಿಂತುಹೋಯಿತೆಂಬ ಸುದ್ದಿ ಬಂತು. ಇದನ್ನು ಬರೆಯಲು ಬಹಳ ಸಂಕೋಚ: ಅವತ್ತು ನನಗೆ ಸಮಾಧಾನವಾಯಿತು.

ಹೋದ ವಾರ ವಿದ್ಯಾ ಆ ಪಟ್ಟಿ ಓದಿ ಮುಗಿಸಿದ ಮೇಲೆ, "ಅಜ್ಜೀ, ನಿಂದೂ ಟಿಕೆಟ್ ತೆಗಸ್ತೇನಿ, ಹೂಂ ಅನ್ನು," ಎಂದಳು.

"ನಾ ಒಲ್ಲೆ. ನೀವು ಹೋಗಿ ಬರ್ರಿ," ಎಂದಳು ಅಕ್ಕ.

"ಸಣ್ಣಾಕಿ ಇದ್ದಾಗಿಂದ ಆಸೆ ಇತ್ತಂತ ನೀನ ಹೇಳ್ತಿ!"

"ಇತ್ತು. ಈಗೂ ಐತಿ. ಆದ್ರ ನಾವಿಬ್ರೂ ಕೂಡೇ ಹೋಗಾಕ ನಿಂತಿದ್ವಿ. ಬೋಟ್ ರದ್ದಾಗಿ ಪಾಪ ಅವನೂ ನೋಡಲಿಲ್ಲ, ನಾನೂ ನೋಡಲಿಲ್ಲ. ಈಗ ಅವಗ ಡಾಕ್ಟರು ಎಲ್ಲೂ ಹೋಗಬ್ಯಾಡ ಅಂದಾರ. ತಮ್ಮನ್ನ ಬಿಟ್ಟು ನಾ ಒಬ್ಬಾಕಿ ಹೋಗಿ ಸಮುದ್ರ ನೋಡ್ಲೇನು? ಮನಸ ಒಪ್ಪೂದಿಲ್ಲ ಬಿಡವ್ವಾ."

ನನ್ನ ಎದೆಬೇನೆಗೆ ಡಾಕ್ಟರು ಬೆಳಗಾವಿಗೆ ಬರುವುದಕ್ಕೇ ಮುಖ ಸಿಂಡರಿಸುತ್ತಾರೆ, ನಿಜ. ಆದರೆ ಆ ಹೊತ್ತಿಗೆ ನನ್ನ ಎದೆಯಲ್ಲಿ ಆದದ್ದು ಆ ಬೇನೆಯಲ್ಲ. ಒಮ್ಮೆ ನಾನು ಅವಳನ್ನು ಕಟ್ಟೆಯ ಮೇಲೆ ಕೂರಿಸಿದ್ದೆ; ಈಗ ನನ್ನ ಸುಳ್ಳೇ ಅವಳನ್ನು ಎರಡನೇ ಸಲ ಕೂರಿಸುತ್ತಿತ್ತು, ಅದೂ ನನ್ನ ಮೇಲಿನ ಮಾಯೆ-ಮಮತೆಯಿಂದ. ಸುಮ್ಮನಿದ್ದರೆ ಸಾಕಾಗಿತ್ತು. ಸುಮ್ಮನಿರುವುದು ನನಗೆ ಚೆನ್ನಾಗಿ ರೂಢಿಯಿತ್ತು.

ಎದ್ದು ಹೋಗಿ ಅವಳ ಮುಂದೆ ನೆಲದ ಮೇಲೆ ಕೂತೆ. ಅವಳು, "ಯಾಕೋ, ಎದಿ ನೋಯ್ತೈತೇನು?" ಎಂದು ಗಾಬರಿಯಾದಳು. ವಿದ್ಯಾ ನೀರು ತರಲು ಎದ್ದಳು. ಬೇಡವೆಂದು ಕೈ ಮಾಡಿದೆ.

"ಅಕ್ಕಾ, ನನ್ನ ಸಲುವಾಗಿ ನೀ ಒಲ್ಲೆ ಅನಬ್ಯಾಡ. ನಾ ನೋಡೇನಿ ಸಮುದ್ರ. ಆ ವರ್ಷ ಬೋಟ್ ರದ್ದಾಗಿರಲಿಲ್ಲ. ನಿನ್ನ ಕರಕೊಂಡು ಹೋಗಾಕ ನಾಚಿಕಿ ಬಂದು, ಸುಳ್ಳು ಹೇಳಿ, ಗೆಳ್ಯಾರ ಕೂಡ ಹೋಗಿ ಬಂದೆ. ತಪ್ಪಾತು ಅಕ್ಕಾ. ನಂದ ತಪ್ಪಾತು."