ಚಿಗವ್ವ ತಿಂದ ಮೊದಲ ತುತ್ತು

ಅವ್ವನಿಗೆ ಇನ್ನೂ ನಲವತ್ತು ತುಂಬಿರಲಿಲ್ಲ, ಮುಟ್ಟು ನಿಂತುಹೋಯಿತು. ಮುಂಬೈ ಸರಕಾರ ಹೋಗಿ ಕನ್ನಡದವರದೇ ರಾಜ್ಯ ಆಗುತ್ತದೆಂದು ಮುಳಗುಂದದ ಗಂಡಸರು ಕಟ್ಟೆಯ ಮೇಲೆ ವಾದಿಸುತ್ತಿದ್ದ ಕಾಲ ಅದು. ಬಸುರಿರಬೇಕೆಂದು ಅಜ್ಜಿ ಕಾದಳು. ಹೊಟ್ಟೆ ಬರಲಿಲ್ಲ. ಆಮೇಲೆ ಅವಳ ಕಣ್ಣು ಚಿಗವ್ವನ ಮೇಲೆ ಬಿತ್ತು.

ಚಿಗವ್ವ ನನ್ನ ಕಾಕನ ಹೆಂಡತಿ, ಗುಡ್ಡದ ಬುಡದ ಡೋಣಿ ಊರಿನವಳು. ಗುಡ್ಡದ ಕಡೆಯವರಿಗೆ ಬೇರು-ನಾರು ಗೊತ್ತು, ತನಗೆ ಮಕ್ಕಳಿಲ್ಲದ ಹೊಟ್ಟೆಕಿಚ್ಚಿಗೆ ಊಟದಲ್ಲಿ ಮದ್ದು ಹಾಕಿದ್ದಾಳೆ ಎಂದು ಅಜ್ಜಿ ಅವ್ವನ ಕಿವಿಯಲ್ಲಿ ಊದಿದಳು. ಅವ್ವ ನಂಬಲಿಲ್ಲ. ಮುಂದಿನ ವರ್ಷ ಅವಳ ಬೆರಳಿನ ಗೆಣ್ಣುಗಳು ಬಾತವು. ಮುಂಜಾನೆ ಎದ್ದರೆ ಮುಷ್ಟಿ ಕಟ್ಟಲಾಗುತ್ತಿರಲಿಲ್ಲ. ರೊಟ್ಟಿ ಬಡಿಯಲು ಕೂತವಳು ಹಿಟ್ಟಿನ ಮೇಲೆ ಕೈ ಊರಿ ಹಾಗೇ ಅತ್ತುಬಿಡುತ್ತಿದ್ದಳು. ಆಗ ನಂಬಿದಳು. ಚಿಗವ್ವ ಬಡಿಸಿದ್ದನ್ನು ಮುಟ್ಟಲಿಲ್ಲ. ಅವಳ ಕೈಯ ನೀರು ಕುಡಿಯಬೇಡ ಎಂದು ನನಗೂ ಹೇಳಿದಳು. ಚಿಗವ್ವ ಸಾರಿಗೆ ಏನು ಹಾಕುತ್ತಾಳೆಂದು ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಉಪ್ಪು ಹಾಕಿದರೂ ಅನುಮಾನ.

ಅಪ್ಪ ಅವ್ವನನ್ನೂ ನನ್ನನ್ನೂ ಗದಗಕ್ಕೆ ಕರೆದೊಯ್ದ. ಡಾಕ್ಟರಬಾಯಿ ಅವನನ್ನು ಹೊರಗೆ ಕಳಿಸಿ, ಅವ್ವನ ಗೆಣ್ಣುಗಳನ್ನು ಒತ್ತಿ ನೋಡಿ, ಮುಟ್ಟು ಯಾವಾಗ ನಿಂತಿತೆಂದು ಕೇಳಿದರು. ಕೈಬೇನೆಗೂ ಅದಕ್ಕೂ ಏನು ಸಂಬಂಧವೆಂದು ಅವ್ವ ಅವರನ್ನೇ ಸಂಶಯದಿಂದ ನೋಡಿದಳು. ಕಡೆಗೆ ಮದ್ದಿನ ಮಾತು ಬಾಯಿಬಿಟ್ಟಳು.

“ಮುಟ್ಟು ಭಾಳ ಲಗೂ ನಿಂತ ಹೆಂಗಸರೊಳಗ ಈ ಕೀಲಬ್ಯಾನಿ ನಾ ನೋಡೇನಿ,” ಎಂದರು ಡಾಕ್ಟರಬಾಯಿ. “ಯಾಕ ಹಂಗ ಅಂತ ಖರೆ ನನಗೂ ಗೊತ್ತಿಲ್ಲ. ಆದ್ರ ಇದು ಯಾರೋ ಹಾಕಿದ ಮದ್ದಲ್ಲವ್ವಾ.”

ನೋವಿಗೆ ಗುಳಿಗೆ ಕೊಟ್ಟು ಕಳಿಸಿದರು. ಕಾರಣ ಗೊತ್ತಿಲ್ಲ ಅಂದಮೇಲೆ ಮದ್ದಲ್ಲ ಅಂತ ಹೆಂಗ ಹೇಳತಾಳ ಆಕಿ, ಎಂದು ಅಜ್ಜಿ ಕೇಳಿದಳು. ಅವ್ವ ಗುಳಿಗೆ ನುಂಗಿದಳು, ಚಿಗವ್ವನ ಕೈಯ ಊಟ ಮಾತ್ರ ಮುಟ್ಟಲಿಲ್ಲ.

ಚಿಗವ್ವನಿಗೆ ಎಲ್ಲವೂ ಕೇಳಿಸಿತ್ತು. ಒಂದು ಮುಂಜಾನೆ ಅವ್ವ ನೀರಿನ ಚರಿಗೆ ಎತ್ತಲೂ ಆಗದೆ ಹಸಿದು ಗೋಡೆಗೊರಗಿ ಕೂತಿದ್ದಾಗ ಚಿಗವ್ವ ತಾಟು ತಂದು ಎದುರಿಗೆ ಕೂತಳು.

“ಅಕ್ಕಾ, ನನ್ನ ನಂಬಬ್ಯಾಡ. ನಾ ಮೊದಲ ತಿಂತೀನಿ. ನೀ ನೋಡಿ ತಿನ್ನು.”

ರೊಟ್ಟಿ ಮುರಿದು, ಪಲ್ಯ ಹಚ್ಚಿ, ಅಗಿದು ನುಂಗಿದಳು. ಅವ್ವ ಅವಳ ಗಂಟಲನ್ನೇ ದಿಟ್ಟಿಸಿ ನೋಡಿದಳು. ಆಮೇಲೆ ಬಾಯಿ ತೆರೆದಳು. ಚಿಗವ್ವ ತುತ್ತು ಮಾಡಿ ಉಣಿಸಿದಳು.

ಅವ್ವನ ಬೆರಳು ಸೊಟ್ಟಗಾದವು, ಮತ್ತೆ ನೆಟ್ಟಗಾಗಲಿಲ್ಲ. ಅಜ್ಜಿ ಸತ್ತ ಮೇಲೂ ಎಷ್ಟೋ ವರ್ಷ ಚಿಗವ್ವ ಮೊದಲ ತುತ್ತು ತಾನು ತಿಂದೇ ಅವಳಿಗೆ ಉಣಿಸಿದಳು. ಸಾಕು ಬಿಡು ಎಂದು ಅವ್ವ ಒಮ್ಮೆಯೂ ಅನ್ನಲಿಲ್ಲ.